ಒಂದು ತಿಂಗಳ ಓಟಿಗೆ ಐದು ತಿಂಗಳು ಪಿಟಿ

ಪೀಣ್ಯ, ಬೆಂಗಳೂರು
9 ಮಾರ್ಚ್ 2026

ವ್ಯವಸ್ಥಾಪಕರು, ಸಂಬಳ ವಿಭಾಗ, ಇವರಿಗೆ

ವಿಷಯ: ತಪ್ಪಾಗಿ ಹಿಡಿದ ವೃತ್ತಿ ತೆರಿಗೆ (ಪಿಟಿ) 900 ರೂಪಾಯಿ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಾನು ನಿಮ್ಮ ಏಜೆನ್ಸಿ ಕಡೆಯಿಂದ ಪೀಣ್ಯದ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ತಿಂಗಳ ಗ್ರಾಸ್, ಅಂದರೆ ಏನೂ ಕಳೆಯುವ ಮೊದಲಿನ ಸಂಬಳ, 23,400. ಬೇಸಿಕ್ 13,000ಕ್ಕೆ ಶೇಕಡಾ 12ರಂತೆ ಪಿಎಫ್ 1,560 ಕಳೆದು 21,840 ಕೈಗೆ ಬರುತ್ತಿತ್ತು. ಪಿಎಫ್ ಪಾಸ್‌ಬುಕ್ ತೆಗೆದು ನೋಡಿದ್ದೇನೆ, ಅದರಲ್ಲಿ ತಕರಾರಿಲ್ಲ.

ಕಳೆದ ಅಕ್ಟೋಬರಿನಲ್ಲಿ ದೀಪಾವಳಿ ಲೋಡ್ ಜಾಸ್ತಿ ಇತ್ತು. ಓಟಿ, ಅಂದರೆ ಹೆಚ್ಚುವರಿ ಗಂಟೆ ಕೆಲಸದ ದುಡ್ಡು, ಸೇರಿ ಗ್ರಾಸ್ 26,150 ಆಯಿತು. ವಾಟ್ಸಾಪಿನಲ್ಲಿ ಬಂದ ಸಂಬಳದ ಸ್ಲಿಪ್ಪಿನಲ್ಲಿ ಮೊದಲ ಸಲ ‘ಪಿಟಿ 200’ ಅಂತ ಕಂಡಿತು. ಸೂಪರ್‌ವೈಸರನ್ನು ಕೇಳಿದೆ. “ನಂಗೆ ಗೊತ್ತಿರೋ ಪಿಟಿ ಅಂದ್ರೆ ಸ್ಕೂಲಲ್ಲಿ ಓಡಿಸ್ತಿದ್ದ ಮೇಷ್ಟ್ರು ಅಷ್ಟೇ” ಅಂದರು. ಇರಲಿ, ಆ ತಿಂಗಳ 200 ನಾನು ಕೇಳುತ್ತಿಲ್ಲ.

ನವೆಂಬರಿನಿಂದ ಓಟಿ ನಿಂತಿದೆ. ಗ್ರಾಸ್ ಮತ್ತೆ ಅದೇ 23,400. ಆದರೂ ನವೆಂಬರ್, ಡಿಸೆಂಬರ್, ಜನವರಿಯಲ್ಲಿ ತಲಾ 200 ಹಿಡಿದಿದ್ದೀರಿ, ಫೆಬ್ರವರಿಯಲ್ಲಿ 300. ನನ್ನಷ್ಟೇ ಗ್ರಾಸ್ ಇರುವ ಜೊತೆಗಾರ ಅಕ್ಟೋಬರಿನಲ್ಲಿ ಓಟಿ ಮಾಡಲಿಲ್ಲ, ಊರಿಗೆ ಹೋಗಿದ್ದ. ಅವನ ಸ್ಲಿಪ್ಪಿನಲ್ಲಿ ಇವತ್ತಿಗೂ ಪಿಟಿ ಇಲ್ಲ. ಅಂದರೆ ಅಕ್ಟೋಬರಿನಲ್ಲಿ ಕಂಪ್ಯೂಟರಿನಲ್ಲಿ ಹಾಕಿದ ಟಿಕ್ ಯಾರೂ ತೆಗೆದಿಲ್ಲ, ಅಲ್ವಾ?

ನಿಮ್ಮ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ, “ಸರ್ಕಾರದ ರೂಲ್ಸು, ಎಲ್ಲರಿಗೂ ಹಿಡೀತೀವಿ.” ಎರಡನೇ ಸಲ, “ಅದು ಇನ್‌ಕಮ್ ಟ್ಯಾಕ್ಸ್, ರಿಟರ್ನ್ ಹಾಕಿದ್ರೆ ವಾಪಸ್ ಬರುತ್ತೆ.” ಮೂರನೇ ಸಲ ಫೋನೇ ಎತ್ತಲಿಲ್ಲ.

ಎರಡೂ ಉತ್ತರ ತಪ್ಪು. ಪಿಟಿ ಎಂದರೆ ವೃತ್ತಿ ತೆರಿಗೆ. ಅದು ರಾಜ್ಯ ಸರ್ಕಾರದ್ದು, ವಾಣಿಜ್ಯ ತೆರಿಗೆ ಇಲಾಖೆಗೆ ಹೋಗುತ್ತದೆ. ಇನ್‌ಕಮ್ ಟ್ಯಾಕ್ಸ್ ಕೇಂದ್ರದ್ದು. ಅಲ್ಲಿ ರಿಟರ್ನ್ ಹಾಕಿದರೆ ಈ ದುಡ್ಡು ಹೇಗೆ ಬರುತ್ತದೆ? ಎಲ್ಲರಿಗೂ ಹಿಡಿಯುವುದೂ ಇಲ್ಲ. ಕರ್ನಾಟಕದಲ್ಲಿ ಮೊದಲು 15,000 ಸಂಬಳಕ್ಕೇ ಪಿಟಿ ಇತ್ತು. 2023ರ ಏಪ್ರಿಲ್‌ನಿಂದ ಆ ಮಿತಿ 25,000 ಆಗಿದೆ. ಆ 300 ಯಾಕೆ ಅಂತಲೂ ವಿಚಾರಿಸಿದೆ. ಸಂವಿಧಾನದ ಪ್ರಕಾರ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿವರೆಗೆ ಮಾತ್ರ ಈ ತೆರಿಗೆ ಹಿಡಿಯಬಹುದು. ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300 ಸೇರಿದರೆ ಲೆಕ್ಕ ಸರಿಯಾಗಿ ಅಲ್ಲಿಗೇ ಬರುತ್ತದೆ. 2025ರ ಏಪ್ರಿಲ್‌ನಿಂದ ಹೀಗಾಗಿದೆ. ಸರಿ, ಆದರೆ ಅದೂ ಸಂಬಳ 25,000 ಮುಟ್ಟಿದವರಿಗೆ.

ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ. ಹಿಡಿದ ಪಿಟಿಯನ್ನು ಮುಂದಿನ ತಿಂಗಳ 20ರೊಳಗೆ ನೀವು ಸರ್ಕಾರಕ್ಕೆ ಕಟ್ಟಬೇಕು. ನನ್ನ ಹೆಸರಿನಲ್ಲಿ ಹಿಡಿದದ್ದನ್ನು ಕಟ್ಟಿದ್ದೀರಾ? ಕಟ್ಟಿದ್ದರೆ ಲೆಕ್ಕ ತೋರಿಸಿ. ಕಟ್ಟಿಲ್ಲದಿದ್ದರೆ ಆ ದುಡ್ಡು ಎಲ್ಲಿದೆ? 900 ರೂಪಾಯಿ ಆಫೀಸಿಗೆ ಚಿಲ್ಲರೆ ಇರಬಹುದು. ನಮ್ಮ ಮನೆಗೆ ಅದು ಒಂದು ಸಿಲಿಂಡರ್.

ಮಾರ್ಚ್ ಸಂಬಳದ ಜೊತೆ 900 ರೂಪಾಯಿ ಹಾಕಿ, ಈ ತಿಂಗಳು ಪಿಟಿ ಹಿಡಿಯಬೇಡಿ. ನನ್ನ ಹಾಗೆ ಓಟಿ ಮಾಡಿದ ಇನ್ನೂ ಕೆಲವರ ಸ್ಲಿಪ್ಪಿನಲ್ಲೂ ಇದೇ ತಪ್ಪಿದೆ, ಅದನ್ನೂ ನೋಡಿ. ಫೋನಿನಲ್ಲಿ ಉತ್ತರ ಬೇಡ, ಬರೆದು ಕೊಡಿ. ಸಂಬಳದ ದಿನದವರೆಗೆ ಕಾಯುತ್ತೇನೆ. ಆಮೇಲೆ ಇದೇ ಪತ್ರದ ಪ್ರತಿ ಕಾರ್ಮಿಕ ಇಲಾಖೆಗೆ ಹೋಗುತ್ತದೆ.

ಇಂತಿ,
ಪ್ಯಾಕಿಂಗ್ ವಿಭಾಗದ ನಿಮ್ಮ ನೌಕರ

ಲಗತ್ತು: ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಐದು ಸ್ಲಿಪ್