ಗಣಿತದ ಸಾಫ್ಟ್‌ವೇರ್ ತಪ್ಪು ಉತ್ತರ ಕೊಡುವ ಜಾಗ

ಮಾನ್ಯ ಸಂಪಾದಕರೇ,

ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ವಿಟಿಯು 2022ರ ಸ್ಕೀಮ್‌ನಲ್ಲಿ ಮೊದಲ ಸೆಮಿಸ್ಟರ್‌ನಿಂದಲೇ ಗಣಿತಕ್ಕೂ ಲ್ಯಾಬ್ ಇದೆ. ನಮ್ಮ ಲ್ಯಾಬಿನಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಅದರೊಳಗೆ ಸೂತ್ರಗಳ ಲೆಕ್ಕ ಮಾಡಿಕೊಡುವ ಸಿಂಪೈ ಬಳಸುತ್ತೇವೆ. ಲೈಸೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ, ಹಳೇ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ, ಮಕ್ಕಳು ಮನೆಗೆ ಹೋಗಿ ಮೊಬೈಲಿನಲ್ಲೂ ಮಾಡಿ ನೋಡಬಹುದು. ಅದನ್ನು ಬೈಯಲಿಕ್ಕೆ ಈ ಪತ್ರ ಬರೆಯುತ್ತಿಲ್ಲ. ಅದರಲ್ಲಿ ಒಂದು ಕಡೆ ರಿಪೇರಿ ಆಗಬೇಕಿದೆ, ಅದನ್ನು ನಮ್ಮ ಮಕ್ಕಳೇ ಮಾಡಬಹುದು.

ಒಂದೊಂದು ವ್ಯಾಪ್ತಿಗೆ ಒಂದೊಂದು ಸೂತ್ರ ಇದ್ದರೆ ಅದು ಪೀಸ್‌ವೈಸ್ ಫಂಕ್ಷನ್. ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ಹಾಗೆಯೇ ಇದೆ. ಆಳಂದದ ಬಸ್ಸಿನಲ್ಲಿ ಸ್ಟೇಜ್ ದಾಟಿದ ಕೂಡಲೇ ಟಿಕೆಟ್ ದರ ಜಿಗಿಯುವುದೂ ಅದೇ. ಸೂತ್ರ ಬದಲಾಗುವ ಆ ಬಿಂದುವಿನಲ್ಲೇ ಸಾಫ್ಟ್‌ವೇರ್ ಎಡವುತ್ತದೆ.

ಸಿಂಪೈಯಲ್ಲಿ ಹೀಗೆ ಬರೆಯಿರಿ: ಎಕ್ಸ್ ಸೊನ್ನೆಗಿಂತ ಕಡಿಮೆ ಇದ್ದರೆ ಮೈನಸ್ ಎಕ್ಸ್, ಇಲ್ಲದಿದ್ದರೆ ಎಕ್ಸ್. ಇದರ ಡೆರಿವೇಟಿವ್, ಅಂದರೆ ಬದಲಾವಣೆಯ ದರ, ತೆಗೆದು ಸೊನ್ನೆಯಲ್ಲಿ ಬೆಲೆ ಕೇಳಿದರೆ 1 ಅನ್ನುತ್ತದೆ. ಅದೇ ಫಂಕ್ಷನ್ನನ್ನು, ಎಕ್ಸ್ ರಿಯಲ್ ಅಂತ ಹೇಳಿ, ಆಬ್ಸೊಲ್ಯೂಟ್ ವ್ಯಾಲ್ಯೂ ರೂಪದಲ್ಲಿ ಕೊಟ್ಟರೆ 0 ಅನ್ನುತ್ತದೆ. ಎರಡೂ ತಪ್ಪು. ಆ ಬಿಂದುವಿನಲ್ಲಿ ಡೆರಿವೇಟಿವ್ ಇಲ್ಲ ಅಂತ ದ್ವಿತೀಯ ಪಿಯುಸಿಯಲ್ಲೇ ಓದಿರುತ್ತಾರೆ, ಅಲ್ವಾ? ಇದಕ್ಕೆ ಕಾರಣ ಸರಳ. ಸಿಂಪೈ ಪ್ರತಿ ತುಂಡಿನ ಡೆರಿವೇಟಿವ್ ಬೇರೆ ಬೇರೆ ತೆಗೆದು, ಹಳೇ ಷರತ್ತುಗಳನ್ನೇ ಪಕ್ಕದಲ್ಲಿ ಇಡುತ್ತದೆ. ತುಂಡುಗಳು ಕೂಡುವ ಜಾಗದಲ್ಲಿ ಏನಾಗುತ್ತದೆ ಅಂತ ನೋಡುವುದೇ ಇಲ್ಲ. ದುಡ್ಡು ಕೊಟ್ಟು ಕೊಳ್ಳುವ ಮ್ಯಾಥಮ್ಯಾಟಿಕಾ ಅದೇ ಜಾಗದಲ್ಲಿ ಬೆಲೆ ನಿರ್ಧರಿಸಲಾಗದು ಅಂತ ಬೇರೆಯಾಗಿ ಬರೆದು ತೋರಿಸುತ್ತದೆ.

ಲಿಮಿಟ್‌ನದೂ ಹೆಚ್ಚು ಕಡಿಮೆ ಇದೇ ಕಥೆ. ಒಂದು ಬಿಂದುವಿನ ಹತ್ತಿರ ಹೋಗುತ್ತಾ ಹೋದರೆ ಫಂಕ್ಷನ್ ಯಾವ ಬೆಲೆಗೆ ಹತ್ತಿರವಾಗುತ್ತದೋ ಅದು ಲಿಮಿಟ್. ಯಾವ ಕಡೆಯಿಂದ ಅಂತ ನಾವು ಹೇಳದಿದ್ದರೆ ಸಿಂಪೈ ಬಲಗಡೆಯ ಲಿಮಿಟ್ ಮಾತ್ರ ಕೊಡುತ್ತದೆ. ಡಾಕ್ಯುಮೆಂಟೇಶನ್‌ನಲ್ಲಿ ಬರೆದಿದ್ದಾರೆ ನಿಜ. ಲ್ಯಾಬಿನಲ್ಲಿ ಕೂತ ಮೊದಲ ವರ್ಷದ ಹುಡುಗಿ ಅದನ್ನು ಓದಿರುವುದಿಲ್ಲ.

2005ರಲ್ಲಿ ವಿಲಿಯಂ ಸ್ಟೈನ್ ಶುರು ಮಾಡಿದ ಸೇಜ್ ಅನ್ನುವ ಇನ್ನೊಂದು ಗಣಿತದ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ತೊಡಕಿದೆ. ಎಕ್ಸ್ 2ಕ್ಕಿಂತ ಕಡಿಮೆ ಇದ್ದರೆ ಸೊನ್ನೆ, ಇಲ್ಲದಿದ್ದರೆ ಎಕ್ಸ್ ಮೈನಸ್ 2 ಅಂತ ಪೈಥಾನ್‌ನ ಇಫ್ ಹಾಕಿ ಬರೆದು, ಬ್ರಾಕೆಟ್ಟಿನಲ್ಲಿ ಎಕ್ಸ್ ಇಟ್ಟು ಪ್ಲಾಟ್ ಮಾಡಿದರೆ ಬರೀ ಒಂದು ನೇರ ಗೆರೆ ಬರುತ್ತದೆ. ಎಕ್ಸ್‌ಗೆ ಇನ್ನೂ ಬೆಲೆ ಸಿಕ್ಕಿಲ್ಲ, ಷರತ್ತು ಸುಳ್ಳು ಅಂದುಕೊಂಡು ಎರಡನೇ ಸೂತ್ರವನ್ನೇ ಹಿಡಿಯುತ್ತದೆ. ಸೇಜ್‌ನ ಟ್ಯುಟೋರಿಯಲ್‌ನಲ್ಲೇ ಈ ಉದಾಹರಣೆ ಇದೆ. ಎರರ್ ಬಂದಿದ್ದರೆ ಮಕ್ಕಳು ಕೇಳುತ್ತಾರೆ. ಸುಮ್ನೆ ಒಂದು ಗೆರೆ ಬಂದರೆ ಅದನ್ನೇ ರೆಕಾರ್ಡ್‌ಗೆ ಅಂಟಿಸುತ್ತಾರೆ. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ.

ಇದು ಸಣ್ಣ ವಿಷಯ ಅನ್ನಿಸಬಹುದು. ಒಂದು ಫಂಕ್ಷನ್ನನ್ನು ಸೈನ್, ಕೊಸೈನ್‌ಗಳ ಮೊತ್ತವಾಗಿ ಬರೆಯುವ ಫೋರಿಯರ್ ಸರಣಿಗೆ ಬನ್ನಿ. ಮೈನಸ್ ಪೈಯಿಂದ ಸೊನ್ನೆವರೆಗೆ ಮೈನಸ್ ಪೈ, ಸೊನ್ನೆಯಿಂದ ಪೈವರೆಗೆ ಎಕ್ಸ್ ಅನ್ನುವ ಲೆಕ್ಕ ಎಲ್ಲರೂ ಮಾಡಿರುತ್ತಾರೆ. ಅದರಿಂದ 1, 1/9, 1/25 ಅಂತ ಕೂಡುತ್ತಾ ಹೋದರೆ ಪೈ ವರ್ಗದ ಎಂಟನೇ ಒಂದು ಭಾಗ ಅಂತ ಬರಬೇಕಾದರೆ, ಜಿಗಿತದ ಜಾಗದಲ್ಲಿ ಎಡ ಬಲ ಎರಡೂ ಲಿಮಿಟ್‌ಗಳ ಸರಾಸರಿ, ಅಂದರೆ ಮೈನಸ್ ಪೈ ಬೈ ಎರಡು, ಹಿಡಿಯಲೇಬೇಕು. ಒಂದೇ ಕಡೆಯ ಲಿಮಿಟ್ ಹಿಡಿದರೆ ಲೆಕ್ಕ ಕೆಟ್ಟಿತು.

ರಿಪೇರಿ ಸುಲಭ ಅಂತ ನಾನು ಹೇಳುವುದಿಲ್ಲ. ಮೂರು ಮೂರು ತುಂಡಿನ ಎರಡು ಫಂಕ್ಷನ್ ಗುಣಿಸಿದರೆ ಒಂಬತ್ತು ಷರತ್ತುಗಳ ಜೋಡಿ ಆಗುತ್ತವೆ. ಎಲ್ಲ ಕಡೆ ಚೆಕ್ ಮಾಡಿಸಿದರೆ ಲೆಕ್ಕ ನಿಧಾನವಾಗುತ್ತದೆ, ಈಗಾಗಲೇ ಬಳಸುತ್ತಿರುವವರ ಪ್ರೋಗ್ರಾಂಗಳೂ ಕೆಡಬಹುದು. ಆದರೆ ಬೇಕಾದವರು ಹಾಕಿಕೊಳ್ಳುವ ಒಂದು ಆಯ್ಕೆಯಾಗಿ ಮೊದಲು ಇದು ಬರಲಿ. ಎಡ ಬಲ ಲಿಮಿಟ್ ಬೇರೆ ಇದ್ದರೆ ಎಚ್ಚರಿಕೆ ಕೊಡಲಿ. ಗ್ರಾಫ್‌ನಲ್ಲಿ ಜಿಗಿತವನ್ನು ಗೆರೆಯಿಂದ ಸೇರಿಸದೆ, ನಾವು ಬೋರ್ಡ್ ಮೇಲೆ ಹಾಕುವ ಹಾಗೆ ಒಂದು ತುದಿಗೆ ತುಂಬಿದ ಚುಕ್ಕೆ, ಇನ್ನೊಂದಕ್ಕೆ ಖಾಲಿ ಚುಕ್ಕೆ ಹಾಕಲಿ.

ಸಿಂಪೈಯ ಕೋಡ್ ಗಿಟ್‌ಹಬ್ ಅನ್ನುವ ಕೋಡ್ ಹಂಚಿಕೊಳ್ಳುವ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಗೂಗಲ್ ಸಮ್ಮರ್ ಆಫ್ ಕೋಡ್ ಅನ್ನುವ, ಇಂಥ ಮುಕ್ತ ಸಾಫ್ಟ್‌ವೇರ್‌ಗೆ ಕೋಡ್ ಬರೆಯಿಸುವ ಕಾರ್ಯಕ್ರಮದ ಮೂಲಕ ನಮ್ಮ ದೇಶದ ಎಷ್ಟೋ ವಿದ್ಯಾರ್ಥಿಗಳು ಅದರಲ್ಲಿ ಕೆಲಸ ಮಾಡಿದ್ದಾರೆ. ತಪ್ಪು ಉತ್ತರ ಎಲ್ಲಿ ಬರುತ್ತದೆ ಅಂತ ತೋರಿಸುವ ನಾಲ್ಕು ಸಾಲಿನ ಟೆಸ್ಟ್ ಬರೆದು ಕಳಿಸಿದರೂ ಅದು ಕೆಲಸವೇ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳು ಇಂಥದ್ದನ್ನು ಮಿನಿ ಪ್ರಾಜೆಕ್ಟ್ ಅಂತ ಒಪ್ಪಿಕೊಂಡು ಅಂಕ ಕೊಡಬೇಕು. ಲ್ಯಾಬ್ ಮ್ಯಾನ್ಯುಯಲ್ ಬರೆಯುವವರಲ್ಲೂ ಒಂದು ವಿನಂತಿ. ಪೀಸ್‌ವೈಸ್ ಬಂದ ಪ್ರತಿ ಪ್ರಯೋಗದಲ್ಲಿ, ಸೂತ್ರ ಬದಲಾಗುವ ಬಿಂದುವಿನ ಉತ್ತರವನ್ನು ಮೊದಲು ಕೈಯಲ್ಲಿ ಲೆಕ್ಕ ಹಾಕಿ ಬರೆಯಲಿಕ್ಕೆ ಒಂದು ಕಾಲಂ ಇಡಿ.

ಇಂತಿ,
ಗಣಿತ ಉಪನ್ಯಾಸಕಿ, ಕಲಬುರಗಿ