ಅಮ್ಮನ ಡಿಸಿಆರ್ ಆಪರೇಷನ್‌ಗೆ ನೆರವಾದವರಿಗೆಲ್ಲ ನಮಸ್ಕಾರ

ಅಮ್ಮನ ಎಡಗಣ್ಣಿನ ಕಣ್ಣೀರಿನ ದಾರಿಯಲ್ಲಿ ಆಪರೇಷನ್ ಹೊತ್ತಿಗೆ ಹಾಕಿದ್ದ ಸಿಲಿಕೋನ್ ಟ್ಯೂಬ್ ತೆಗೆದಾಯಿತು. ಸಿರಿಂಜಿಂಗ್ ಮಾಡಿದಾಗ, ಅಂದರೆ ರೆಪ್ಪೆಯಂಚಿನ ರಂಧ್ರಕ್ಕೆ ಸಣ್ಣ ಕಡ್ಡಿಯಂಥ ನಳಿಕೆ ಇಟ್ಟು ನೀರು ಬಿಟ್ಟು ನೋಡಿದಾಗ, ಸಲೈನ್ ನೀರು ಸಲೀಸಾಗಿ ಗಂಟಲಿಗೆ ಇಳಿಯಿತು. ಪದೇ ಪದೇ ಕೀವು ಕಟ್ಟುತ್ತಿದ್ದ ಕಣ್ಣೀರಿನ ಚೀಲಕ್ಕೆ ಮೂಗಿನೊಳಗೆ ಹೊಸ ದಾರಿ ಆಗಿದೆ; ಆ ದಾರಿ ಮಾಡುವ ಆಪರೇಷನ್ನೇ ಡಿಸಿಆರ್. ಬರೀ ಥ್ಯಾಂಕ್ಸ್ ಹೇಳಿ ಸುಮ್ಮನಾಗುವ ಬದಲು ಯಾರು ಏನು ಮಾಡಿದರು ಅಂತ ಬರೆದಿಟ್ಟರೆ, ಇದೇ ತೊಂದರೆ ಇರುವ ಮನೆಯವರಿಗೂ ಅನುಕೂಲ.

ಮೊದಲ ನಮಸ್ಕಾರ ಪೊರೆ ತಪಾಸಣೆಯಲ್ಲಿದ್ದ ನೇತ್ರಾಧಿಕಾರಿಗೆ. ಕಣ್ಣಿನ ಒಳಮೂಲೆಗೂ ಮೂಗಿಗೂ ನಡುವೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ರೆಪ್ಪೆಯಂಚಿನ ಸೂಜಿಮೊನೆಯಷ್ಟು ರಂಧ್ರದಿಂದ ಬಿಳಿ ಲೋಳೆ ಉಕ್ಕಿ ಬಂತು. ಅಲ್ಲಿಗೆ ಪೊರೆ ಆಪರೇಷನ್ ಮುಂದಕ್ಕೆ ಹೋಯಿತು. ಚೀಲದಲ್ಲಿರುವ ಬ್ಯಾಕ್ಟೀರಿಯಾ ಆಪರೇಷನ್ ಹೊತ್ತಿನಲ್ಲಿ ಕಣ್ಣಿನೊಳಗೆ ಸೇರಿದರೆ ದೃಷ್ಟಿಯೇ ಹೋಗಬಹುದು. ಬೆರಳಿಂದ ಒತ್ತಿ ನೋಡುವ ಈ ಪರೀಕ್ಷೆಗೆ ಯಂತ್ರ ಬೇಡ, ಖರ್ಚಿಲ್ಲ. ಆದರೆ ಗದ್ದಲದ ಓಪಿಡಿಯಲ್ಲಿ ಅದನ್ನು ಬಿಡದೆ ಮಾಡುವ ಶ್ರದ್ಧೆ ಬೇಕು.

ಡ್ರಾಪ್ಸ್ ಮತ್ತೆ ಬರೆದುಕೊಡದ ಡಾಕ್ಟರಿಗೆ ಎರಡನೆಯ ಕೃತಜ್ಞತೆ. ಚೀಲದಿಂದ ಮೂಗಿಗೆ ಇಳಿಯುವ ನಾಳ ಮುಚ್ಚಿದಾಗ ಕಣ್ಣೀರು ಚೀಲದಲ್ಲೇ ನಿಂತು ಕೊಳೆಯುತ್ತದೆ. ಆಂಟಿಬಯಾಟಿಕ್ ಆ ಹೊತ್ತಿನ ಕೀವನ್ನು ಇಳಿಸೀತೇ ಹೊರತು ನಾಳ ತೆರೆಯುವುದಿಲ್ಲ. ಡ್ರಾಪ್ಸ್ ನಿಂತೊಡನೆ ಗೀಜು ಮತ್ತೆ ಶುರು. ಮೂಗಿನ ಬುಡ ಕೆಂಪಗೆ ಊದಿ ಮುಟ್ಟಲಾಗದಷ್ಟು ನೋವಿದ್ದಾಗ ಅವರು ಸಿರಿಂಜಿಂಗ್‌ಗೂ ಕೈ ಹಾಕಲಿಲ್ಲ. ಬಾವು ಇರುವ ಜಾಗ ಮೆತ್ತಗಾಗಿರುತ್ತದೆ, ಕಡ್ಡಿ ತಪ್ಪು ದಾರಿ ಹಿಡಿದು ಸೋಂಕು ಹರಡಬಹುದು. ಅದಕ್ಕೇ ಮೊದಲು ಮಾತ್ರೆ ಮತ್ತು ಬಿಸಿಬಟ್ಟೆಯ ಶಾಖ, ಬಾವು ಪೂರ್ತಿ ಇಳಿದ ಮೇಲೆ ಆಪರೇಷನ್. ಗಡ್ಡೆಯನ್ನು ಮನೆಯಲ್ಲಿ ಹಿಂಡಲೇಬಾರದು.

ಇನ್ನು ಸರ್ಜನ್. ಇಟಲಿಯ ವೈದ್ಯ ಟೋಟಿ 1904ರಲ್ಲಿ ವಿವರಿಸಿದ ವಿಧಾನದ ಇಂದಿನ ರೂಪವೇ ಇದು: ಮೂಗಿನ ಪಕ್ಕ 10–12 ಮಿ.ಮೀ. ಗೀರು, ಹತ್ತಿರದಲ್ಲೇ ಹಾಯುವ ರಕ್ತನಾಳವನ್ನು ತಪ್ಪಿಸಿಕೊಂಡು ಒಳಗೆ ಹೋಗಿ, ಚೀಲ ಒರಗಿರುವ ಮೂಳೆಯನ್ನು ಪಂಚ್ ಅನ್ನುವ ಉಪಕರಣದಿಂದ ಚೂರುಚೂರಾಗಿ ಕಚ್ಚಿ ತೆಗೆಯುವುದು. ಕಿಂಡಿ ಸುಮಾರು 15 ಮಿ.ಮೀ. ಅಗಲ. ಹನಿ ನೀರಿಗೆ ಇಷ್ಟು ದೊಡ್ಡದು ಯಾಕೆ ಅಂತ ಅನ್ನಿಸುತ್ತದೆ. ಗಾಯ ಮಾಯುತ್ತಾ ಬಂದಂತೆ ಅದು ಕೆಲವೇ ಮಿ.ಮೀ.ಗೆ ಕುಗ್ಗುತ್ತದೆ, ಮೊದಲೇ ಚಿಕ್ಕದಾಗಿದ್ದರೆ ಮುಚ್ಚಿಯೇ ಹೋಗುತ್ತದೆ. ಕಿಂಡಿ ಮೇಲಕ್ಕೆ ಬಿದ್ದರೂ ಕಷ್ಟ, ಚೀಲದ ತಳದಲ್ಲಿ ನೀರು ನಿಂತು ಹಳೇ ಕಥೆಯೇ. ಆಮೇಲೆ ಚೀಲದ ಒಳಪದರವನ್ನೂ ಮೂಗಿನ ಒಳಪದರವನ್ನೂ ಕೂಡಿಸಿ ಹೊಲಿಯುತ್ತಾರೆ. ಎಲ್ಲ ಆಪರೇಷನ್‌ನಲ್ಲೂ ಟ್ಯೂಬ್ ಹಾಕುವುದಿಲ್ಲ. ಅಮ್ಮನಿಗೆ ರೆಪ್ಪೆಯ ಸಣ್ಣ ನಾಳವೂ ಕಿರಿದಾಗಿದ್ದರಿಂದ ಬೇಕಾಯಿತು.

ವಯಸ್ಸಾಯಿತು, ಚೀಲವನ್ನೇ ತೆಗೆಸಿಬಿಡಿ ಅಂದವರಿದ್ದರು. ಅದು ಡಿಸಿಟಿ. ಸೋಂಕು ನಿಲ್ಲುತ್ತದೆ, ಕಣ್ಣಲ್ಲಿ ನೀರು ಸುರಿಯುವುದು ನಿಲ್ಲುವುದಿಲ್ಲ. ದೊಡ್ಡ ಆಪರೇಷನ್ ತಾಳಲಾರದವರಿಗೆ ಅದೇ ಸರಿ. ಎಂಡೋಸ್ಕೋಪ್ ಹಾಕಿ ಮೂಗಿನೊಳಗಿಂದಲೇ ಡಿಸಿಆರ್ ಮಾಡುವುದೂ ಉಂಟು, ಮುಖದ ಮೇಲೆ ಕಲೆ ಉಳಿಯದು. ಮೂಗಿನ ನಡುಗೋಡೆ ಡೊಂಕಾಗಿಲ್ಲ, ದುರ್ಮಾಂಸ ಬೆಳೆದಿಲ್ಲ ಅಂತ ಮೊದಲೇ ನೋಡಿ ಹೇಳಿದ ಇಎನ್‌ಟಿ ಡಾಕ್ಟರಿಗೂ ವಂದನೆ. ಆಸ್ಪಿರಿನ್ ನಿಲ್ಲಿಸುವುದೋ ಬೇಡವೋ ಅನ್ನುವುದನ್ನು ಹೃದಯದ ಡಾಕ್ಟರನ್ನೇ ಕೇಳಿ ಬನ್ನಿ ಅಂದು, ಬಿಪಿ ಹತೋಟಿಗೆ ಬರುವವರೆಗೆ ಕಾದ ಅರಿವಳಿಕೆಯವರಿಗೂ.

ಥಿಯೇಟರ್ ಸಿಸ್ಟರ್‌ಗೆ ಒಂದು ವಿಶೇಷ ಮಾತು. ಸ್ಥಳೀಯ ಅರಿವಳಿಕೆಯಲ್ಲಿ ರೋಗಿಗೆ ಎಚ್ಚರವಿರುತ್ತದೆ. "ನೋವಾಗಲ್ಲ ಅಮ್ಮಾ, ಆದ್ರೆ ಮೂಳೆ ಕಟ್ ಕಟ್ ಅಂತ ಕೇಳಿಸುತ್ತೆ, ಗಾಬರಿ ಬೀಳಬೇಡಿ" ಅಂತ ಮೊದಲೇ ಹೇಳಿದ್ದರು. ಅಷ್ಟು ಹೇಳದಿದ್ದರೆ ಆ ಸದ್ದಿಗೆ ತಲೆ ಅಲ್ಲಾಡಿಸುವವರೇ ಹೆಚ್ಚು.

ವಾರ್ಡ್‌ನವರು ಕೊಟ್ಟ ಸೂಚನೆಗಳು ಚೀಟಿಯಲ್ಲೇ ಉಳಿಯಬಾರದು. ಎರಡು ವಾರ ಮೂಗು ಸೀದುವಂತಿಲ್ಲ; ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಇಲ್ಲದಿದ್ದರೆ ಗಾಳಿ ಚರ್ಮದಡಿ ನುಗ್ಗಿ ಊದುತ್ತದೆ, ರಕ್ತವೂ ಬರುತ್ತದೆ. ಮೊದಲ ದಿನ ಕಾಫಿ, ಸಾರು ಉಗುರುಬೆಚ್ಚಗೆ ಮಾತ್ರ. ಎರಡು ದಿಂಬು ಇಟ್ಟು ಮಲಗಬೇಕು. ಮೂಗಿನಿಂದ ಒಂದೆರಡು ದಿನ ಕೆಂಪು ಹನಿ ಬರುವುದು ಸಹಜ. ಧಾರೆಯಾಗಿ ಸುರಿದರೆ ಮುಂದಕ್ಕೆ ಬಾಗಿ ಕೂರಿಸಿ ಆಸ್ಪತ್ರೆಗೆ ಹೊರಡಿ. ಹೊಲಿಗೆ ಬಿಚ್ಚುವುದು ಸುಮಾರು ಒಂದು ವಾರಕ್ಕೆ. ಗಾಯದ ಮೇಲೆ ಕನ್ನಡಕದ ಒತ್ತು ಬೀಳದಿರಲಿ, ಕಾಡಿಗೆಯಂತೂ ಬೇಡವೇ ಬೇಡ.

ಟ್ಯೂಬ್ ಇರುವಷ್ಟು ತಿಂಗಳು ಕಣ್ಣಿನ ಒಳಮೂಲೆಯಲ್ಲಿ ಪಾರದರ್ಶಕ ಕುಣಿಕೆಯೊಂದು ಕಾಣುತ್ತದೆ. ಉಜ್ಜಿದರೆ ಅದು ಹೊರಕ್ಕೆ ಜಗ್ಗಿ ಕೆನ್ನೆಯ ಮೇಲೆ ಜೋತುಬೀಳುತ್ತದೆ. ಆಗ ಕತ್ತರಿಸಬಾರದು, ಎಳೆಯಬಾರದು. ಟೇಪಿನಿಂದ ಕೆನ್ನೆಗೆ ಅಂಟಿಸಿಕೊಂಡು ಹೋದರೆ ಡಾಕ್ಟರು ಒಳಕ್ಕೆ ಸರಿಸುತ್ತಾರೆ. ರಾತ್ರಿ ಹೊತ್ತಿನಲ್ಲೂ ಫೋನ್ ಎತ್ತಿ ಇದನ್ನೇ ತಾಳ್ಮೆಯಿಂದ ವಿವರಿಸಿದ ಡ್ಯೂಟಿ ಡಾಕ್ಟರಿಗೆ, ಕಣ್ಣಿನ ಬಾಟಲಿಗೂ ಮೂಗಿನ ಸ್ಪ್ರೇಗೂ ಬೇರೆ ಬೇರೆ ಬಣ್ಣದ ಚೀಟಿ ಅಂಟಿಸಿಕೊಟ್ಟ ಮೆಡಿಕಲ್ ಶಾಪಿನ ಅಣ್ಣನಿಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆಗಳು. ಮುಂದಿನದು ಪೊರೆ ಆಪರೇಷನ್. ಇನ್ನೊಮ್ಮೆ ಚೀಲ ಒತ್ತಿ ನೋಡಿ, ಅದೇ ನೇತ್ರಾಧಿಕಾರಿಯವರೇ ಹೆಸರು ಬರೆದುಕೊಂಡಿದ್ದಾರೆ.