ಈ ವಾರ: ಸ್ಲಾವಿಕ್ ಭಾಷೆಗಳಲ್ಲಿ (ರಷ್ಯನ್, ಪೋಲಿಶ್, ಚೆಕ್ ಥರದ ಒಂದೇ ಕುಟುಂಬದ ಭಾಷೆಗಳು) ಹಕ್ಕಿ ಹೆಸರುಗಳು
ಎಲ್ರಿಗೂ ನಮಸ್ಕಾರ 🙏 ಭಾನುವಾರದ ಮಾತುಕತೆಗೆ ಬರೋ ಮುಂಚೆ ಇದನ್ನ ಒಂದ್ಸಲ ಓದ್ಕೊಳಿ. ಹೆಬ್ಬಾತಿಗೆ ರಷ್ಯನ್ನಲ್ಲಿ ಗುಸ್, ಪೋಲಿಶ್‌ನಲ್ಲಿ ಗೆಂಶ್ ಅಂತಾರೆ, ಇದು ನಾವು ಸಂಸ್ಕೃತದಿಂದ ತಗೊಂಡಿರೋ "ಹಂಸ"ದ ದಾಯಾದಿ ಪದ, ಅಂದ್ರೆ ಎರಡೂ ಒಂದೇ ಹಳೇ ಮೂಲದಿಂದ ಬಂದಿದ್ದು, ನಂಗಂತೂ ಇದು ಗೊತ್ತಾದ ದಿನ ತುಂಬಾ ಖುಷಿ ಆಗಿತ್ತು. ಆದ್ರೆ ಧ್ವನಿ ನಿಯಮದ (ಒಂದು ಭಾಷೇಲಿ ಹಳೇ ಧ್ವನಿಗಳು ಕ್ರಮವಾಗಿ ಬದಲಾಗೋ ರೀತಿ) ಪ್ರಕಾರ ಸ್ಲಾವಿಕ್‌ನಲ್ಲಿ ಮೊದಲಕ್ಷರ ಜ಼ ಥರ ಇರ್ಬೇಕಿತ್ತು, ಗ ಬಂದಿರೋದು ಜರ್ಮನಿಕ್ ಭಾಷೆಗಳ (ಜರ್ಮನ್, ಇಂಗ್ಲಿಷ್ ಇರೋ ಕುಟುಂಬ) ಪ್ರಭಾವ ಅಂತ ಹಲವು ವಿದ್ವಾಂಸರ ಅಭಿಪ್ರಾಯ.

ಕಾಗೆ ನೋಡಿ, ರಷ್ಯನ್ ವರೋನಾ, ಪೋಲಿಶ್ ವ್ರೋನಾ, ಚೆಕ್ ವ್ರಾನಾ, ಮೂರೂ "ವೋರ್ನಾ" ಅನ್ನೋ ಒಂದೇ ಹಳೇ ಪದದಿಂದ ಬಂದಿದ್ದು, ಒಂದೊಂದು ಭಾಷೆ ಆ "ಓರ್" ಅನ್ನ ಒಂದೊಂದು ಥರ ತಿರುಗಿಸ್ಕೊಂಡಿದೆ ಅಷ್ಟೇ. ರಷ್ಯನ್ "ವೋರನ್" ಅಂದ್ರೆ ಗಂಡು ಕಾಗೆ ಅಂತ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಅದು ಬೇರೇನೇ ಹಕ್ಕಿ, ಕಾಗೆಗಿಂತ ದೊಡ್ಡದು.

ರಷ್ಯನ್ನಲ್ಲಿ ಪಾರಿವಾಳ "ಗೋಲುಬ್", ಅದರಿಂದಾನೇ ತಿಳಿ ನೀಲಿಗೆ "ಗಲುಬೋಯ್" ಅನ್ನೋ ಪದ ಹುಟ್ಟಿದ್ದು, ಅದರ ಕತ್ತಿನ ಬಣ್ಣ ನೆನಪಿಸ್ಕೊಳಿ! ಕುಕೂ ಹಕ್ಕಿ "ಕುಕುಶ್ಕಾ", ಕೂಗೇ ಹೆಸರು.

ನಿಮ್ಮೂರಲ್ಲಿ ಕೂಗಿನಿಂದ ಹೆಸರು ಬಂದಿರೋ ಹಕ್ಕಿಗಳಿದ್ರೆ ಶನಿವಾರದೊಳಗೆ ವಾಯ್ಸ್ ನೋಟ್ ಹಾಕಿ, ಊರಿನ ಹೆಸರೂ ಹೇಳಿ.